ಮೊಬೈಲ್ ಫೋನ್, ಆಪ್‌ಗಳು ಮತ್ತು ಹೊಸ ಸೇವೆಗಳು: ಕೋಲಾರ ಜಿಲ್ಲೆಯವರು ಪದೇ ಪದೇ ಕೇಳುವ ಪ್ರಶ್ನೆಗಳು

ಕೋಲಾರ, ಮಾಲೂರು, ಬಂಗಾರಪೇಟೆ, ಕೆಜಿಎಫ್, ಮುಳಬಾಗಿಲು ಮತ್ತು ಶ್ರೀನಿವಾಸಪುರ ತಾಲ್ಲೂಕುಗಳ ರೈತರು, ಡೇರಿಗೆ ಹಾಲು ಹಾಕುವವರು, ಚಿಕ್ಕ ಅಂಗಡಿ ನಡೆಸುವವರು, ದಿನವೂ ಬೆಂಗಳೂರಿಗೆ ಹೋಗಿಬರುವ ನೌಕರರು ಮತ್ತು ಮನೆಯ ಹಿರಿಯರು ಸ್ಮಾರ್ಟ್‌ಫೋನಿನ ಬಗ್ಗೆ ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರ ಬರೆದಿದ್ದೇನೆ. ಜನರಿಗೆ ಬರುವ ತೊಂದರೆಗಳಲ್ಲಿ ಬಹುಪಾಲಿಗೆ ಕಾರಣ, ಅವರ ದಾಖಲೆಗಳಿಗೆ ಸೇರಿಸಿರುವ ಮೊಬೈಲ್ ನಂಬರು ಅವರದಲ್ಲದಿರುವುದು. ಆದ್ದರಿಂದ ಆ ಪ್ರಶ್ನೆಯನ್ನೇ ಮೊದಲು ಎತ್ತಿಕೊಂಡಿದ್ದೇನೆ.

ಪ್ರಶ್ನೆ: ನನ್ನ ಆಧಾರ್‌ಗೂ ಬ್ಯಾಂಕ್ ಖಾತೆಗೂ ಹಿಂದೆ ಯಾರೋ ಅವರ ನಂಬರನ್ನೇ ಕೊಟ್ಟಿದ್ದಾರೆ. ಇಷ್ಟು ದಿನ ಏನೂ ಆಗಿಲ್ಲ. ಬದಲಾಯಿಸಲೇಬೇಕೆ?

ಬದಲಾಯಿಸಲೇಬೇಕು, ಅದೂ ಬೇಗ. ಹತ್ತು ಹನ್ನೆರಡು ವರ್ಷಗಳ ಹಿಂದೆ ಆಧಾರ್ ಮಾಡಿಸುವಾಗ ಮನೆಯಲ್ಲಿ ಫೋನ್ ಇಲ್ಲದವರು ಪಕ್ಕದ ಮನೆಯವರ, ಅಂಗಡಿಯವರ ಅಥವಾ ಅರ್ಜಿ ತುಂಬಿಕೊಟ್ಟವರ ನಂಬರನ್ನು ಬರೆಸಿದ್ದು ನಮ್ಮ ಹಳ್ಳಿಗಳಲ್ಲಿ ಸಾಮಾನ್ಯ ಸಂಗತಿಯಾಗಿತ್ತು. ಆಗ ಅದು ಒಂದು ಖಾಲಿ ಜಾಗ ತುಂಬುವ ಕೆಲಸವಷ್ಟೇ ಆಗಿತ್ತು. ಈಗ ಗೃಹಲಕ್ಷ್ಮಿಯ 2,000 ರೂಪಾಯಿ ಬಂದಿದೆಯೇ ಎಂದು ಡಿಬಿಟಿ ಕರ್ನಾಟಕ ಆಪ್‌ನಲ್ಲಿ ನೋಡಬೇಕಾದರೂ, ದಾಖಲೆಗಳನ್ನು ಫೋನಿನಲ್ಲೇ ಇಟ್ಟುಕೊಳ್ಳುವ ಸರ್ಕಾರಿ ಆಪ್ ಡಿಜಿಲಾಕರ್ ತೆರೆಯಬೇಕಾದರೂ, ಆಧಾರ್ ಮೂಲಕ ಗುರುತು ದೃಢಪಡಿಸಬೇಕಾದರೂ ಒಟಿಪಿ ಹೋಗುವುದು ಆ ನಂಬರಿಗೇ. ನಿಮ್ಮ ಹೆಸರಿನಲ್ಲಿ ಒಟಿಪಿ ಪಡೆಯಬಲ್ಲವರು ನಿಮ್ಮ ಹೆಸರಿನಲ್ಲಿ ಅನೇಕ ಕೆಲಸಗಳನ್ನು ಮಾಡಬಲ್ಲರು. ಅವರು ಒಳ್ಳೆಯವರೇ ಆಗಿದ್ದರೂ ಅವರ ಫೋನ್ ಕಳೆದುಹೋಗಬಹುದು, ಅವರು ಆ ನಂಬರನ್ನೇ ಬಿಟ್ಟುಬಿಡಬಹುದು.

ಆಧಾರ್‌ನಲ್ಲಿ ನಂಬರು ಬದಲಾಯಿಸಲು ಯಾವ ದಾಖಲೆ ಪತ್ರವೂ ಬೇಕಾಗಿಲ್ಲ. ಆಧಾರ್ ಕೇಂದ್ರಕ್ಕೆ, ಇಲ್ಲವೇ ಆ ಸೌಲಭ್ಯವಿರುವ ಅಂಚೆ ಕಚೇರಿ ಅಥವಾ ಬ್ಯಾಂಕ್ ಶಾಖೆಗೆ ನೀವೇ ಹೋಗಿ ಬೆರಳಚ್ಚು ಕೊಟ್ಟು, ನಿಗದಿತ ಶುಲ್ಕ ಕಟ್ಟಿದರೆ ಸಾಕು. ನಡೆಯಲಾಗದ ಹಿರಿಯರಿದ್ದರೆ ಅಂಚೆ ಪೇಮೆಂಟ್ಸ್ ಬ್ಯಾಂಕಿನ ಮೂಲಕ ಪೋಸ್ಟ್‌ಮ್ಯಾನ್ ಮನೆಗೇ ಬಂದು ನಂಬರು ಬದಲಾಯಿಸಿಕೊಡುವ ವ್ಯವಸ್ಥೆ 2021ರಿಂದ ಇದೆ. ಬ್ಯಾಂಕ್ ಖಾತೆಗೆ ಬೇರೆಯಾಗಿ ಅರ್ಜಿ ಕೊಡಬೇಕು. ಆಧಾರ್‌ನಲ್ಲಿ ಬದಲಾದ ಮಾತ್ರಕ್ಕೆ ಬ್ಯಾಂಕಿನಲ್ಲಿ ಬದಲಾಗುವುದಿಲ್ಲ. ಕೊಟ್ಟ ಅರ್ಜಿಗೆ ಸ್ವೀಕೃತಿ ಚೀಟಿ ಪಡೆದು ಇಟ್ಟುಕೊಳ್ಳಿ.

ಇದರ ಜೊತೆಗೆ ಇನ್ನೊಂದು ವಿಷಯವನ್ನೂ ತಿಳಿದಿರಬೇಕು. ಸರ್ಕಾರದ ನೇರ ನಗದು ಹಣವು ನೀವು ದಿನವೂ ಬಳಸುವ ಖಾತೆಗೇ ಬರಬೇಕೆಂದಿಲ್ಲ. ಆಧಾರ್‌ಗೆ ಕೊನೆಯದಾಗಿ ಯಾವ ಖಾತೆಯನ್ನು ಜೋಡಿಸಿದ್ದಾರೋ ಅದಕ್ಕೆ ಹೋಗುತ್ತದೆ. ಡೇರಿಗೆ ಹಾಕಿದ ಹಾಲಿಗೆ ಸರ್ಕಾರ ಲೀಟರಿಗೆ ನೀಡುವ 5 ರೂಪಾಯಿ ಪ್ರೋತ್ಸಾಹಧನವಾಗಲಿ, ಬೆಳೆಹಾನಿ ಪರಿಹಾರವಾಗಲಿ ಬಂದಿಲ್ಲ ಎನ್ನುವ ಅನೇಕರ ಹಣವು ಅವರೇ ಮರೆತುಹೋದ ಯಾವುದೋ ಹಳೆಯ ಖಾತೆಯಲ್ಲಿ ಇರುತ್ತದೆ. ಯಾವ ಬ್ಯಾಂಕಿಗೆ ಜೋಡಣೆಯಾಗಿದೆ ಎಂಬುದನ್ನು ಆಧಾರ್ ಪ್ರಾಧಿಕಾರದ ಜಾಲತಾಣದಲ್ಲಿ ನೋಡಬಹುದು. ಅದಕ್ಕೂ ಒಟಿಪಿ ಬೇಕು ಎಂಬುದನ್ನು ಗಮನಿಸಿ.

ಪ್ರಶ್ನೆ: ಕೆಲವು ತಿಂಗಳು ರೀಚಾರ್ಜ್ ಮಾಡದಿದ್ದರೆ ನಂಬರು ನಿಜವಾಗಿಯೂ ಹೋಗಿಬಿಡುತ್ತದೆಯೇ?

ಪ್ರೀಪೇಯ್ಡ್ ಸಿಮ್‌ನಿಂದ 90 ದಿನಗಳವರೆಗೆ ಕರೆ, ಸಂದೇಶ, ಡೇಟಾ ಯಾವುದೂ ನಡೆಯದಿದ್ದರೆ ಕಂಪನಿಯು ಆ ನಂಬರನ್ನು ಸ್ಥಗಿತಗೊಳಿಸಬಹುದು. ಸಿಮ್‌ನಲ್ಲಿ 20 ರೂಪಾಯಿಯ ರೀಚಾರ್ಜ್ ಹಣವಾದರೂ ಉಳಿದಿದ್ದರೆ ಅದನ್ನು ಕಡಿದುಕೊಂಡು ಇನ್ನೂ 30 ದಿನ ಉಳಿಸಿಕೊಡುವ ನಿಯಮ ಇದೆ. ಸ್ಥಗಿತಗೊಂಡ ನಂಬರನ್ನು ಕೆಲಕಾಲದ ನಂತರ ಬೇರೆಯವರಿಗೆ ಕೊಡುತ್ತಾರೆ. ಆ ಹೊಸಬರಿಗೆ ನಿಮ್ಮ ಬ್ಯಾಂಕಿನ ಸಂದೇಶಗಳು ಹೋಗಬಾರದೆಂದಿದ್ದರೆ, ಮೊದಲು ದಾಖಲೆಗಳಲ್ಲಿ ನಂಬರು ಬದಲಾಯಿಸಿ, ಆಮೇಲೆ ಸಿಮ್ ಬಿಡಬೇಕು. ಊರಿನಲ್ಲಿರುವ ತಂದೆತಾಯಿಯರ ಫೋನಿಗೆ ರೀಚಾರ್ಜ್ ಮಾಡಿಸುವುದನ್ನು ಬೆಂಗಳೂರಿನಲ್ಲಿರುವ ಮಕ್ಕಳು ದಯವಿಟ್ಟು ಮರೆಯಬಾರದು. ಒಂದು ನಂಬರು ಹೋದರೆ ಅವರ ಪಿಂಚಣಿಯಿಂದ ಹಿಡಿದು ಗ್ಯಾಸ್ ಸಿಲಿಂಡರ್‌ವರೆಗೆ ಎಲ್ಲದಕ್ಕೂ ತೊಡಕಾಗುತ್ತದೆ.

ನಿಮ್ಮ ಹೆಸರಿನಲ್ಲಿ ಎಷ್ಟು ಸಿಮ್‌ಗಳಿವೆ ಎಂಬುದನ್ನು ದೂರಸಂಪರ್ಕ ಇಲಾಖೆಯ ಸಂಚಾರ್ ಸಾಥಿ ಆಪ್‌ನಲ್ಲಿ ನೋಡಬಹುದು. ನಮ್ಮ ರಾಜ್ಯದಲ್ಲಿ ಒಬ್ಬರ ಹೆಸರಿನಲ್ಲಿ ಹೆಚ್ಚೆಂದರೆ 9 ಸಿಮ್ ಇರಬಹುದು. ನಿಮಗೆ ಗೊತ್ತಿಲ್ಲದ ನಂಬರು ಅಲ್ಲಿ ಕಂಡರೆ ‘ಇದು ನನ್ನದಲ್ಲ’ ಎಂದು ಅಲ್ಲಿಯೇ ತಿಳಿಸಿ.

ಪ್ರಶ್ನೆ: ಕೀಪ್ಯಾಡ್ ಫೋನ್ ಇರುವವರು ಯುಪಿಐ ಬಳಸಬಹುದೇ?

ಬಳಸಬಹುದು. ಇಂಟರ್ನೆಟ್ ಇಲ್ಲದ ಫೋನಿನಿಂದ ಕರೆಯ ಮೂಲಕ ಹಣ ಕಳುಹಿಸುವ ಯುಪಿಐ 123ಪೇ ಸೇವೆ 2022ರ ಮಾರ್ಚ್‌ನಲ್ಲಿ ಆರಂಭವಾಯಿತು. ಅದಕ್ಕೂ ಮೊದಲಿನಿಂದ *99# ಒತ್ತಿ ಖಾತೆಯಲ್ಲಿ ಉಳಿದಿರುವ ಹಣ ನೋಡುವ, ಹಣ ಕಳುಹಿಸುವ ಸೌಲಭ್ಯವಿದೆ. ಎರಡಕ್ಕೂ ಬ್ಯಾಂಕ್ ಖಾತೆಗೆ ಸೇರಿಸಿರುವ ಸಿಮ್ ಅದೇ ಫೋನಿನಲ್ಲಿ ಇರಬೇಕು.

ಪ್ರಶ್ನೆ: ಗೊಬ್ಬರದ ಅಂಗಡಿಯಲ್ಲಿ ಸ್ಕ್ಯಾನ್ ಮಾಡಿದೆ, ನನ್ನ ಖಾತೆಯಿಂದ ಹಣ ಹೋಯಿತು, ಅವರಿಗೆ ಬರಲಿಲ್ಲ. ಏನು ಮಾಡಬೇಕು?

ಮತ್ತೆ ಸ್ಕ್ಯಾನ್ ಮಾಡುವ ಮುನ್ನ ಆಪ್‌ನ ವಹಿವಾಟು ಪಟ್ಟಿಯಲ್ಲಿ ಆ ಪಾವತಿ ‘ಯಶಸ್ವಿ’, ‘ವಿಫಲ’ ಅಥವಾ ‘ಬಾಕಿ’ ಎಂದು ಹೇಗೆ ದಾಖಲಾಗಿದೆ ಎಂಬುದನ್ನು ನೋಡಿ. ರಿಸರ್ವ್ ಬ್ಯಾಂಕಿನ 2019ರ ನಿಯಮದ ಪ್ರಕಾರ, ಒಬ್ಬ ವ್ಯಕ್ತಿಯಿಂದ ಇನ್ನೊಬ್ಬರಿಗೆ ಕಳುಹಿಸಿದ ಯುಪಿಐ ಹಣ ತಲುಪದೆ ಹೋದರೆ ಮರುದಿನದೊಳಗೆ, ವ್ಯಾಪಾರಿಗೆ ಮಾಡಿದ ಪಾವತಿಯಾದರೆ ಐದು ದಿನಗಳೊಳಗೆ ಅದು ತಾನಾಗಿಯೇ ಹಿಂದಿರುಗಬೇಕು; ತಡವಾದರೆ ದಿನಕ್ಕೆ 100 ರೂಪಾಯಿಯಂತೆ ಬ್ಯಾಂಕು ಪರಿಹಾರ ಕೊಡಬೇಕು. ಇದನ್ನು ಕೇಳಿ ಪಡೆಯುವ ಹಕ್ಕು ನಿಮಗಿದೆ ಎಂಬುದನ್ನು ನಮ್ಮಲ್ಲಿ ಬಹಳ ಮಂದಿ ತಿಳಿದಿಲ್ಲ. ದೂರಿಗೆ ಬೇಕಾಗುವುದು 12 ಅಂಕಿಯ ಯುಪಿಐ ವಹಿವಾಟು ಸಂಖ್ಯೆ. ಬ್ಯಾಂಕಿಗೆ ದೂರು ಕೊಟ್ಟು 30 ದಿನಗಳಾದರೂ ಉತ್ತರ ಬರದಿದ್ದರೆ ಗ್ರಾಹಕರ ದೂರುಗಳನ್ನು ಬಗೆಹರಿಸುವ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ ದೂರು ಸಲ್ಲಿಸಬಹುದು, ಅದಕ್ಕೆ ಶುಲ್ಕವಿಲ್ಲ. 14448ಕ್ಕೆ ಕರೆ ಮಾಡಿ ವಿಚಾರಿಸಬಹುದು.

ತಪ್ಪು ವ್ಯಕ್ತಿಗೆ ಹಣ ಹೋಗಿದ್ದರೆ ವಿಷಯ ಬೇರೆ. ಆಗ ಪಾವತಿ ಯಶಸ್ವಿಯಾಗಿಯೇ ಆಗಿರುತ್ತದೆ; ಬ್ಯಾಂಕು ಆ ವ್ಯಕ್ತಿಯ ಬ್ಯಾಂಕನ್ನು ಸಂಪರ್ಕಿಸಬಹುದೇ ಹೊರತು, ಅವರ ಒಪ್ಪಿಗೆಯಿಲ್ಲದೆ ಹಣ ವಾಪಸು ತರಲಾರದು. ಆದ್ದರಿಂದ ಪಿನ್ ಒತ್ತುವ ಮುನ್ನ ತೆರೆಯ ಮೇಲೆ ಬರುವ ಹೆಸರನ್ನು ಪೂರ್ತಿಯಾಗಿ ಓದಿ, ಎದುರಿಗಿರುವವರಿಗೂ ಓದಿ ಹೇಳಿ.

ಪ್ರಶ್ನೆ: ಕ್ಯೂಆರ್ ಕೋಡ್ ಇಟ್ಟುಕೊಂಡರೆ ಜಿಎಸ್‌ಟಿ ನೋಟಿಸ್ ಬರುತ್ತದೆ ಎನ್ನುತ್ತಾರೆ. ನಗದಿನಲ್ಲೇ ವ್ಯಾಪಾರ ಮಾಡುವುದು ಮೇಲಲ್ಲವೇ?

2025ರ ಜುಲೈನಲ್ಲಿ ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ಮೂಲಕ ಹೆಚ್ಚು ಹಣ ಸ್ವೀಕರಿಸಿದ ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕಳುಹಿಸಿದಾಗ ಅನೇಕ ಅಂಗಡಿಗಳವರು ಕ್ಯೂಆರ್ ಕೋಡ್ ತೆಗೆದು ‘ನಗದು ಮಾತ್ರ’ ಎಂದು ಬರೆದು ಅಂಟಿಸಿದ್ದರು. ಆ ಭಯ ಇನ್ನೂ ಹೋಗಿಲ್ಲ. ಆದರೆ ನಿಯಮವು ಹಣ ಪಡೆದ ಬಗೆಯನ್ನು ನೋಡುವುದಿಲ್ಲ, ವರ್ಷದ ಒಟ್ಟು ವಹಿವಾಟನ್ನು ನೋಡುತ್ತದೆ: ಸರಕು ಮಾರುವವರಿಗೆ 40 ಲಕ್ಷ ರೂಪಾಯಿ, ಸೇವೆ ನೀಡುವವರಿಗೆ 20 ಲಕ್ಷ ರೂಪಾಯಿ ದಾಟಿದರೆ ನೋಂದಣಿ ಬೇಕು. ಹೋಟೆಲು, ತಿಂಡಿ ಗಾಡಿಗಳು ಸೇವೆಯ ಲೆಕ್ಕಕ್ಕೆ ಬರುತ್ತವೆ. ನಗದಿನಲ್ಲಿ ಪಡೆದದ್ದೂ ಈ ಲೆಕ್ಕಕ್ಕೆ ಸೇರುತ್ತದೆ.

ತಾಜಾ ತರಕಾರಿ, ಹೂವು, ಹಾಲು ಇವುಗಳಿಗೆ ತೆರಿಗೆ ಇಲ್ಲ. ಇವುಗಳನ್ನಷ್ಟೇ ಮಾರುವವರ ವಹಿವಾಟು ಎಷ್ಟೇ ಇದ್ದರೂ ನೋಂದಣಿ ಬೇಕಾಗಿಲ್ಲ. ಹಾಲಿನ ಜೊತೆ ಬಿಸ್ಕತ್ತು, ಸಿಗರೇಟು ಮಾರಿದರೆ ಆ ವಿನಾಯಿತಿ ಸಿಗುವುದಿಲ್ಲ, ಒಟ್ಟು ವಹಿವಾಟಿನಲ್ಲಿ ಹಾಲಿನದ್ದೂ ಸೇರುತ್ತದೆ. ಅಂಗಡಿಯವರಿಗೆ ನನ್ನ ಸಲಹೆ ಇಷ್ಟೇ. ವ್ಯಾಪಾರಕ್ಕೆ ಒಂದು ಖಾತೆ, ಮನೆಗೆ ಒಂದು ಖಾತೆ ಇರಲಿ. ಭಾವ ಹಿಂದಿರುಗಿಸಿದ ಕೈಸಾಲ, ಚೀಟಿ ಹಣ, ಮಗಳು ಕಳುಹಿಸಿದ ಹಣ ಎಲ್ಲವೂ ಅಂಗಡಿಯ ಕ್ಯೂಆರ್‌ಗೇ ಬಂದರೆ ಅದು ವ್ಯಾಪಾರದ ಹಣವಲ್ಲ ಎಂದು ತೋರಿಸುವ ಹೊಣೆ ನಿಮ್ಮ ಮೇಲೆ ಬೀಳುತ್ತದೆ. ಖರೀದಿಯ ಬಿಲ್ಲುಗಳನ್ನು ಎಸೆಯಬೇಡಿ.

ಪ್ರಶ್ನೆ: ವಾಟ್ಸ್‌ಆಪ್‌ನಲ್ಲಿ ಮದುವೆ ಕರೆಯೋಲೆ ಎಂದು ಒಂದು ಫೈಲ್ ಬಂದಿದೆ. ಕಳುಹಿಸಿದವರು ಪರಿಚಿತರೇ. ತೆರೆಯಬಹುದೇ?

ಫೈಲಿನ ಹೆಸರಿನ ಕೊನೆಯಲ್ಲಿ ಎಪಿಕೆ ಎಂಬ ಮೂರು ಇಂಗ್ಲಿಷ್ ಅಕ್ಷರಗಳಿದ್ದರೆ ತೆರೆಯಲೇಬೇಡಿ. ಕರೆಯೋಲೆ ಚಿತ್ರವಾಗಿಯೋ ಪಿಡಿಎಫ್ ಆಗಿಯೋ ಬರುತ್ತದೆ. ಎಪಿಕೆ ಎಂಬುದು ಫೋನಿನಲ್ಲಿ ಸ್ಥಾಪನೆಯಾಗುವ ಆಪ್. ಅದು ನಿಮ್ಮ ಸಂದೇಶಗಳನ್ನು ಓದುವ ಅನುಮತಿ ಪಡೆದುಕೊಂಡು, ಬರುವ ಒಟಿಪಿಗಳನ್ನು ವಂಚಕರಿಗೆ ರವಾನಿಸುತ್ತದೆ. ಆಮೇಲೆ ನಿಮ್ಮ ವಾಟ್ಸ್‌ಆಪ್‌ನಿಂದಲೇ ನಿಮ್ಮ ನೆಂಟರಿಷ್ಟರಿಗೆಲ್ಲ ಅದೇ ಫೈಲ್ ಹೋಗುತ್ತದೆ. ಪರಿಚಿತರಿಂದ ಬಂದಂತೆ ಕಾಣುವುದು ಈ ಕಾರಣಕ್ಕೆ. ಮದುವೆಯ ಕಾಲದಲ್ಲಿ ಕರೆಯೋಲೆ, ಉಳಿದ ಕಾಲದಲ್ಲಿ ಪಿಎಂ ಕಿಸಾನ್ ಕಂತು, ಸಂಚಾರ ದಂಡದ ಚಲನ್, ಬ್ಯಾಂಕಿನ ಕೆವೈಸಿ ಎಂದು ಹೆಸರು ಬದಲಾಗುತ್ತದೆ. ಒಂದು ವೇಳೆ ಸ್ಥಾಪಿಸಿಬಿಟ್ಟಿದ್ದರೆ ಕೂಡಲೇ ಡೇಟಾ ಮತ್ತು ವೈಫೈ ಆಫ್ ಮಾಡಿ ಸಿಮ್ ತೆಗೆಯಿರಿ, ಬೇರೆ ಫೋನಿನಿಂದ ಬ್ಯಾಂಕಿಗೆ ಕರೆ ಮಾಡಿ ಖಾತೆಯ ವಹಿವಾಟು ತಡೆಸಿ, ನಂತರ ಫೋನಿನಲ್ಲಿರುವುದನ್ನೆಲ್ಲ ಅಳಿಸುವ ಫ್ಯಾಕ್ಟರಿ ರೀಸೆಟ್ ಮಾಡಿಸಿ. ಆಪ್ ಬೇಕಾದಾಗ ಪ್ಲೇ ಸ್ಟೋರ್‌ನಿಂದಲೇ ಪಡೆಯಬೇಕು, ಅಲ್ಲಿಯೂ ತಯಾರಿಸಿದವರ ಹೆಸರನ್ನು ಓದಬೇಕು.

ಪ್ರಶ್ನೆ: ಖಾತೆಯಿಂದ ಹಣ ಹೋಗಿಬಿಟ್ಟಿದೆ. ಮೊದಲು ಎಲ್ಲಿಗೆ ಹೋಗಬೇಕು?

ಎಲ್ಲಿಗೂ ಹೋಗುವ ಮುನ್ನ 1930ಕ್ಕೆ ಕರೆ ಮಾಡಿ. ಈ ಸಹಾಯವಾಣಿಗೆ ದೂರು ದಾಖಲಾದರೆ ಹಣ ಸಾಗಿರುವ ಖಾತೆಗಳಿಗೆ ತಡೆ ಹಾಕುವ ಕೆಲಸ ಶುರುವಾಗುತ್ತದೆ. ವಂಚಕರು ಹಣವನ್ನು ಒಂದು ಖಾತೆಯಿಂದ ಇನ್ನೊಂದಕ್ಕೆ ದಾಟಿಸುತ್ತಾ ಹೋಗುವುದರಿಂದ ಮೊದಲ ಒಂದೆರಡು ಗಂಟೆಗಳು ಬಹಳ ಅಮೂಲ್ಯವಾಗಿವೆ. ಮನೆಯವರು ಬೈಯುತ್ತಾರೆಂದು ಎರಡು ದಿನ ಮುಚ್ಚಿಟ್ಟವರ ಹಣ ಸಿಗುವುದು ಬಹಳ ಕಷ್ಟ. ಹಿರಿಯರು ಹಣ ಕಳೆದುಕೊಂಡು ಬಂದಾಗ ಅವರನ್ನು ಗದರಿಸದೆ ಮೊದಲು ಕರೆ ಮಾಡಿಕೊಡಿ ಎಂದು ಮಕ್ಕಳಲ್ಲಿ ಕೇಳಿಕೊಳ್ಳುತ್ತೇನೆ. ಇದರ ಜೊತೆಗೆ ಬ್ಯಾಂಕಿಗೂ ತಿಳಿಸಿ, ದೂರಿನ ಸಂಖ್ಯೆ ಬರೆದುಕೊಂಡು ಪೊಲೀಸ್ ಠಾಣೆಗೆ ಅಥವಾ ಸೈಬರ್ ಅಪರಾಧಗಳನ್ನು ನೋಡಿಕೊಳ್ಳುವ ಜಿಲ್ಲೆಯ ಸಿಇಎನ್ ಠಾಣೆಗೆ ಹೋಗಿ.

ರಿಸರ್ವ್ ಬ್ಯಾಂಕು 2017ರ ಜುಲೈ 6ರಂದು ಹೊರಡಿಸಿದ ಸುತ್ತೋಲೆಯ ಪ್ರಕಾರ, ನಿಮ್ಮದಾಗಲಿ ಬ್ಯಾಂಕಿನದಾಗಲಿ ತಪ್ಪಿಲ್ಲದೆ ಮೂರನೆಯವರ ಕೃತ್ಯದಿಂದ ಹಣ ಹೋಗಿದ್ದು, ನೀವು ಮೂರು ಕೆಲಸದ ದಿನಗಳೊಳಗೆ ತಿಳಿಸಿದ್ದರೆ ನಷ್ಟವು ನಿಮ್ಮ ಮೇಲೆ ಬರುವುದಿಲ್ಲ. ನೀವೇ ಒಟಿಪಿ ಅಥವಾ ಪಿನ್ ಹೇಳಿದ್ದರೆ ತಿಳಿಸುವವರೆಗಿನ ನಷ್ಟ ನಿಮ್ಮದು. ತಿಳಿಸಿದ ನಂತರವೂ ಹಣ ಹೋದರೆ ಅದು ಬ್ಯಾಂಕಿನದು. ಹೀಗಾಗಿ ತಪ್ಪು ನಿಮ್ಮದೇ ಆಗಿದ್ದರೂ ಬೇಗ ತಿಳಿಸುವುದರಿಂದ ಲಾಭವಿದೆ.

ಒಟಿಪಿಯೇ ಬಾರದೆ ಬೆರಳಚ್ಚಿನ ಮೂಲಕ ಹಣ ತೆಗೆಯುವ ವಂಚನೆಯೂ ಇದೆ. ಬ್ಯಾಂಕ್ ಮಿತ್ರರ ಯಂತ್ರದಲ್ಲಿ ಬೆರಳು ಇಟ್ಟು ಹಣ ಪಡೆಯುವ ಅಭ್ಯಾಸವಿಲ್ಲದವರು ಆಧಾರ್ ಆಪ್‌ನಲ್ಲಿ ಬಯೋಮೆಟ್ರಿಕ್ ಲಾಕ್ ಮಾಡಿಡಬಹುದು. ನ್ಯಾಯಬೆಲೆ ಅಂಗಡಿಗೆ ಹೋಗುವ ದಿನ ಅದನ್ನು ತಾತ್ಕಾಲಿಕವಾಗಿ ತೆರೆಯಬೇಕಾಗುತ್ತದೆ.

ಪ್ರಶ್ನೆ: ಪೊಲೀಸರೆಂದು ವಿಡಿಯೊ ಕರೆ ಮಾಡಿ ‘ಡಿಜಿಟಲ್ ಅರೆಸ್ಟ್’ ಮಾಡಿದ್ದೇವೆ ಎನ್ನುತ್ತಾರೆ. ಹಾಗೊಂದು ಕಾನೂನು ಇದೆಯೇ?

ಇಲ್ಲ. ಯಾವ ಪೊಲೀಸರೂ, ನ್ಯಾಯಾಲಯವೂ ವಿಡಿಯೊ ಕರೆಯಲ್ಲಿ ಬಂಧಿಸುವುದಿಲ್ಲ, ಹಣ ವರ್ಗಾಯಿಸಲು ಹೇಳುವುದಿಲ್ಲ. ಕರೆ ಕಡಿದು ಮನೆಯವರಿಗೆ ಹೇಳಿ.

ಪ್ರಶ್ನೆ: ಬೆಳೆಗೆ ತುರ್ತಾಗಿ ಹಣ ಬೇಕು. ಆಪ್‌ನಲ್ಲಿ ಐದು ನಿಮಿಷದಲ್ಲಿ ಸಾಲ ಸಿಗುತ್ತದೆ ಎಂಬ ಜಾಹೀರಾತನ್ನು ನಂಬಬಹುದೇ?

ಸಾಲ ಕೊಡುವ ಬ್ಯಾಂಕು ಅಥವಾ ನೋಂದಾಯಿತ ಹಣಕಾಸು ಸಂಸ್ಥೆ ಯಾವುದು ಎಂಬುದನ್ನು ಮೊದಲು ಹುಡುಕಿ; ಆಪ್ ಕೇವಲ ಮಧ್ಯವರ್ತಿ. ರಿಸರ್ವ್ ಬ್ಯಾಂಕಿನ ಡಿಜಿಟಲ್ ಸಾಲದ ನಿಯಮಗಳ ಪ್ರಕಾರ ಸಾಲದ ಹಣ ಆ ಸಂಸ್ಥೆಯಿಂದ ನೇರವಾಗಿ ನಿಮ್ಮ ಖಾತೆಗೆ ಬರಬೇಕು, ವರ್ಷದ ಒಟ್ಟು ಬಡ್ಡಿ ಮತ್ತು ಶುಲ್ಕಗಳನ್ನು ಒಂದು ಹಾಳೆಯಲ್ಲಿ ಮೊದಲೇ ತೋರಿಸಬೇಕು, ಆಪ್ ನಿಮ್ಮ ಫೋನಿನ ಸಂಪರ್ಕ ಪಟ್ಟಿ, ಕರೆಗಳ ಪಟ್ಟಿ, ಫೋಟೊಗಳನ್ನು ನೋಡಬಾರದು. ಸ್ಥಾಪಿಸುವಾಗಲೇ ಸಂಪರ್ಕ ಪಟ್ಟಿಯನ್ನು ಕೇಳುವ ಸಾಲದ ಆಪ್ ಕಂಡರೆ ಅಲ್ಲಿಗೇ ಬಿಟ್ಟುಬಿಡಿ. ಮುಂದೆ ಕಂತು ತಡವಾದಾಗ ನಿಮ್ಮ ಬೀಗರಿಗೂ, ಮಗಳ ಶಾಲೆಯ ಶಿಕ್ಷಕರಿಗೂ ಕರೆ ಮಾಡಿ ಮಾನ ಕಳೆಯಲು ಅದನ್ನೇ ಬಳಸುತ್ತಾರೆ. ಬೆಳೆಗೆ ಬೇಕಾದ ಹಣಕ್ಕೆ ಪ್ರಾಥಮಿಕ ಕೃಷಿ ಪತ್ತಿನ ಸಹಕಾರ ಸಂಘ ಮತ್ತು ಕಿಸಾನ್ ಕ್ರೆಡಿಟ್ ಕಾರ್ಡ್‌ಗಳನ್ನು ಮೊದಲು ವಿಚಾರಿಸಬೇಕೆಂಬುದು ನನ್ನ ಸ್ಪಷ್ಟ ಅಭಿಪ್ರಾಯ. ತಡವಾದರೂ ಆ ಸಾಲ ಬೆಳೆಗಾರನನ್ನು ಬೀದಿಗೆ ತರುವುದಿಲ್ಲ.

ಪ್ರಶ್ನೆ: ಫೋನಿನಲ್ಲಿ ತೋರಿಸುವ ಟೊಮೆಟೊ ದರಕ್ಕೂ ಕೋಲಾರ ಎಪಿಎಂಸಿಯಲ್ಲಿ ನಮಗೆ ಸಿಗುವ ದರಕ್ಕೂ ಏಕೆ ವ್ಯತ್ಯಾಸ?

ಈ ಪ್ರಶ್ನೆ ನಮ್ಮ ಜಿಲ್ಲೆಯಲ್ಲಿ ಕೇಳಿಬರುವಷ್ಟು ಬೇರೆಲ್ಲೂ ಕೇಳಿಬರಲಾರದು, ಆದ್ದರಿಂದ ಸ್ವಲ್ಪ ವಿವರವಾಗಿ ಹೇಳುತ್ತೇನೆ. ಕೃಷಿ ಮಾರಾಟ ವಾಹಿನಿ ಮತ್ತು ಅಗ್‌ಮಾರ್ಕ್‌ನೆಟ್ ಜಾಲತಾಣಗಳು ಪ್ರತಿ ಮಾರುಕಟ್ಟೆಗೂ ಮೂರು ದರಗಳನ್ನು ಕೊಡುತ್ತವೆ: ಕನಿಷ್ಠ, ಗರಿಷ್ಠ ಮತ್ತು ಮಾದರಿ. ಮಾದರಿ ದರವೆಂದರೆ ಆ ದಿನ ಹೆಚ್ಚಿನ ಮಾಲು ಯಾವ ದರಕ್ಕೆ ಮಾರಾಟವಾಯಿತೋ ಅದು. ಊರಿನಲ್ಲಿ ಬಾಯಿಂದ ಬಾಯಿಗೆ ಹರಡುವುದು ಗರಿಷ್ಠ ದರ. ಗಟ್ಟಿಯಾದ, ಒಂದೇ ಗಾತ್ರದ, ದೂರದ ಊರುಗಳಿಗೆ ಲಾರಿಯಲ್ಲಿ ಹೋಗಬಲ್ಲ ಕಾಯಿಗೆ ಸಿಕ್ಕಿದ ದರ ಅದು. ಕೆಲವೇ ಕ್ರೇಟುಗಳಿಗೆ ಸಿಕ್ಕಿರಬಹುದು. ನಿಮ್ಮ ಮಾಲನ್ನು ಹೋಲಿಸಬೇಕಾದದ್ದು ಮಾದರಿ ದರದ ಜೊತೆಗೆ.

ಎರಡನೆಯದಾಗಿ ಅಳತೆ. ಜಾಲತಾಣದಲ್ಲಿ ದರ ಕ್ವಿಂಟಲಿಗೆ ಇರುತ್ತದೆ, ಮಂಡಿಯಲ್ಲಿ ಹರಾಜು ನಡೆಯುವುದು ಸುಮಾರು 15 ಕೆಜಿಯ ಕ್ರೇಟಿಗೆ. ಕ್ವಿಂಟಲಿಗೆ 2,000 ರೂಪಾಯಿ ಎಂದಿದ್ದರೆ ಕ್ರೇಟಿಗೆ 300 ರೂಪಾಯಿ ಎಂದು ತಿಳಿಯಬೇಕು. ಮೂರನೆಯದು ಸಮಯ. ಜಾಲತಾಣಕ್ಕೆ ಮಾಹಿತಿ ಸೇರುವುದು ಹರಾಜು ಮುಗಿದ ಮೇಲೆ; ನೀವು ಬೆಳಿಗ್ಗೆ ಕಟಾವಿಗೆ ಆಳು ಕರೆಯುವಾಗ ನೋಡುವ ದರ ಹಿಂದಿನ ದಿನದ್ದಾಗಿರುತ್ತದೆ. 2023ರ ಜುಲೈನಲ್ಲಿ ಕ್ರೇಟಿನ ದರ 2,000 ರೂಪಾಯಿ ದಾಟಿದಾಗ ಹಿಂದಿನ ದಿನದ ದರವನ್ನು ನಂಬಿ ಲೆಕ್ಕ ಹಾಕುವುದು ಎಷ್ಟು ಅಪಾಯವೆಂಬುದನ್ನು ಬೆಳೆಗಾರರು ಕಂಡಿದ್ದಾರೆ.

ಹಾಗಾದರೆ ಫೋನಿನ ಉಪಯೋಗವೇನು ಎಂದರೆ, ಒಂದು ದಿನದ ದರಕ್ಕಿಂತ ಎರಡು ಮೂರು ವಾರಗಳ ಏರಿಳಿತವನ್ನು ನೋಡಲು ಅದು ಬಹಳ ಅನುಕೂಲ. ಕೋಲಾರದ ದರದ ಜೊತೆಗೆ ಗಡಿಯಾಚೆಯ ಮದನಪಲ್ಲಿ ಮಾರುಕಟ್ಟೆಯ ದರವನ್ನೂ, ಎರಡರ ಆವಕವನ್ನೂ ನೋಡುವ ಅಭ್ಯಾಸವಿಟ್ಟುಕೊಂಡರೆ ಮಾಲು ಎತ್ತ ಹರಿಯುತ್ತಿದೆ ಎಂಬುದು ತಿಳಿಯುತ್ತದೆ. ಮಂಡಿಯಲ್ಲಿ ಕೊಡುವ ಬಿಳಿ ಚೀಟಿಯ ಫೋಟೊವನ್ನು ಪ್ರತಿ ಸಲವೂ ತೆಗೆದಿಟ್ಟುಕೊಳ್ಳಿ. ಕ್ರೇಟುಗಳ ಸಂಖ್ಯೆ, ದರ, ಕಡಿತ ಇಷ್ಟೂ ಅದರಲ್ಲಿ ಕಾಣುವಂತಿರಲಿ.

ಪ್ರಶ್ನೆ: ದಿಶಾಂಕ್ ಆಪ್‌ನಲ್ಲಿ ಪಕ್ಕದವರ ಬೇಲಿ ನಮ್ಮ ಸರ್ವೆ ನಂಬರಿನೊಳಗೆ ಇರುವಂತೆ ಕಾಣುತ್ತದೆ. ಅದನ್ನೇ ಸಾಕ್ಷಿಯಾಗಿ ಇಟ್ಟುಕೊಳ್ಳಬಹುದೇ?

ಸಾಧ್ಯವಿಲ್ಲ. ನೀವು ನಿಂತಿರುವ ಜಾಗ ಯಾವ ಸರ್ವೆ ನಂಬರು, ಅದರಲ್ಲಿ ಸರ್ಕಾರಿ ಜಮೀನು, ಕೆರೆ, ರಾಜಕಾಲುವೆ ಇದೆಯೇ ಎಂದು ತಿಳಿಯಲು ದಿಶಾಂಕ್ ಅತ್ಯುತ್ತಮ ಸಾಧನ. ಜಮೀನು ಕೊಳ್ಳುವವರು ಸ್ಥಳದಲ್ಲಿ ನಿಂತು ತಪ್ಪದೆ ನೋಡಬೇಕು. ಆದರೆ ಫೋನಿನ ಜಿಪಿಎಸ್ ಕೆಲವು ಮೀಟರುಗಳಷ್ಟು ಆಚೀಚೆ ತೋರಿಸುತ್ತದೆ, ಹಳೆಯ ಗ್ರಾಮ ನಕ್ಷೆಯನ್ನು ಉಪಗ್ರಹ ಚಿತ್ರದ ಮೇಲೆ ಕೂರಿಸುವಾಗಲೂ ಸ್ವಲ್ಪ ಜರುಗುತ್ತದೆ. ಒಂದೆರಡು ಗುಂಟೆಯ ಜಗಳಕ್ಕೆ ಇದರಿಂದ ತೀರ್ಮಾನ ಸಿಗದು. ಹದ್ದುಬಸ್ತಿಗೆ ಅರ್ಜಿ ಹಾಕಿ ಸರ್ವೇಯರ್ ಬಂದು ಅಳೆದು ಗಡಿ ತೋರಿಸುವುದೇ ಕ್ರಮ. ಆಪ್‌ನ ಗೆರೆ ನೋಡಿ ಅಣ್ಣತಮ್ಮಂದಿರು ಮಾತು ಬಿಡುವುದು ನೋವಿನ ಸಂಗತಿ.

ಪ್ರಶ್ನೆ: ಬೆಳೆ ಸಮೀಕ್ಷೆ ಆಪ್‌ನಲ್ಲಿ ನಾನೇ ಫೋಟೊ ಹಾಕಬೇಕೆ?

ಹಾಕಿದರೆ ನಿಮಗೇ ಒಳ್ಳೆಯದು. 2020ರ ಮುಂಗಾರಿನಿಂದ ರೈತರೇ ತಮ್ಮ ಹೊಲದ ಬೆಳೆಯನ್ನು ದಾಖಲಿಸುವ ಅವಕಾಶವಿದೆ. ಹೊಲದೊಳಗೆ ನಿಂತು ಸರ್ವೆ ನಂಬರು ಆರಿಸಿ, ಬೆಳೆ, ವಿಸ್ತೀರ್ಣ, ನೀರಾವರಿಯ ವಿವರ ತುಂಬಿ ಫೋಟೊ ತೆಗೆಯಬೇಕು. ನೀವು ಮಾಡದಿದ್ದರೆ ಊರಿನ ಖಾಸಗಿ ನಿವಾಸಿಗಳೆಂಬ ನೇಮಿತ ಸಿಬ್ಬಂದಿ ಮಾಡುತ್ತಾರೆ. ಈ ಮಾಹಿತಿಯೇ ಪಹಣಿಯ ಬೆಳೆ ಕಾಲಂ, ಬೆಳೆ ವಿಮೆ, ಪರಿಹಾರ ಮತ್ತು ಬೆಂಬಲ ಬೆಲೆಯ ರಾಗಿ ಖರೀದಿಗೆ ಆಧಾರ. ಹೊಲದಲ್ಲಿ ರಾಗಿ ಇದ್ದು ದಾಖಲೆಯಲ್ಲಿ ‘ಬೀಳು’ ಎಂದಿದ್ದರೆ ಖರೀದಿ ಕೇಂದ್ರದಲ್ಲಿ ನೋಂದಣಿ ನಿಂತುಹೋಗುತ್ತದೆ. ದಾಖಲಾದದ್ದನ್ನು ಬೆಳೆ ದರ್ಶಕ್ ಆಪ್‌ನಲ್ಲಿ ನೋಡಿ, ತಪ್ಪಿದ್ದರೆ ನಿಗದಿತ ಅವಧಿಯೊಳಗೆ ಆಕ್ಷೇಪಣೆ ಸಲ್ಲಿಸಬಹುದು. ಮಾವಿನ ತೋಪಿನ ನಡುವೆ ಹುರುಳಿಯೋ ಅವರೆಯೋ ಹಾಕಿರುವ ಶ್ರೀನಿವಾಸಪುರದ ಕಡೆಯವರು ಮಿಶ್ರ ಬೆಳೆಯನ್ನೂ ನಮೂದಿಸಬೇಕು. ರೈತರ ನೋಂದಣಿ ಸಂಖ್ಯೆಯಾದ ಫ್ರೂಟ್ಸ್ ಐಡಿಯಲ್ಲಿ ನಿಮ್ಮ ಎಲ್ಲ ಸರ್ವೆ ನಂಬರುಗಳು ಸೇರಿವೆಯೇ ಎಂಬುದನ್ನು ರೈತ ಸಂಪರ್ಕ ಕೇಂದ್ರದಲ್ಲಿ ಒಮ್ಮೆ ನೋಡಿಸಿಕೊಳ್ಳಿ.

ಪ್ರಶ್ನೆ: ಮಳೆ ಮತ್ತು ಸಿಡಿಲಿಗೆ ಯಾವ ಆಪ್ ನಂಬಬಹುದು?

ಹವಾಮಾನ ಇಲಾಖೆಯ ಮೇಘದೂತ್ ಆಪ್ ವಾರಕ್ಕೆರಡು ಬಾರಿ, ಮಂಗಳವಾರ ಮತ್ತು ಶುಕ್ರವಾರ, ಕನ್ನಡದಲ್ಲಿ ಕೃಷಿ ಸಲಹೆ ಕೊಡುತ್ತದೆ. ದಾಮಿನಿ ಆಪ್ ನೀವಿರುವ ಜಾಗದಿಂದ 20 ಮತ್ತು 40 ಕಿಲೋಮೀಟರ್ ವ್ಯಾಪ್ತಿಯಲ್ಲಿ ಬೀಳುತ್ತಿರುವ ಸಿಡಿಲನ್ನು ತೋರಿಸುತ್ತದೆ. ಏಪ್ರಿಲ್, ಮೇ ತಿಂಗಳ ಸಂಜೆ ಕುರಿ ಮೇಯಿಸುವವರ, ಮಾವು ಕೀಳುವವರ ಫೋನಿನಲ್ಲಿ ಇದು ಇರಲೇಬೇಕು. ಎಚ್ಚರಿಕೆ ಬಂದಾಗ ಮರದಡಿಗೆ ಹೋಗದೆ ಕಟ್ಟಡದೊಳಗೆ ಸೇರಬೇಕು.

ಪ್ರಶ್ನೆ: ಡ್ರೈವಿಂಗ್ ಲೈಸೆನ್ಸ್ ಫೋಟೊ ಫೋನಿನಲ್ಲಿದೆ. ಪೊಲೀಸರು ಒಪ್ಪುತ್ತಿಲ್ಲ. ಏಕೆ?

ಗ್ಯಾಲರಿಯಲ್ಲಿರುವ ಫೋಟೊಗೆ ಮಾನ್ಯತೆ ಇಲ್ಲ. ಡಿಜಿಲಾಕರ್ ಅಥವಾ ಎಂಪರಿವಾಹನ್ ಆಪ್‌ನಲ್ಲಿ ಇಲಾಖೆಯಿಂದಲೇ ಪಡೆದ ಲೈಸೆನ್ಸ್ ಮತ್ತು ಆರ್‌ಸಿಗೆ ಮೂಲ ದಾಖಲೆಯಷ್ಟೇ ಮಾನ್ಯತೆ ಇದೆ ಎಂದು ಕೇಂದ್ರ ಸಾರಿಗೆ ಸಚಿವಾಲಯ 2018ರಲ್ಲೇ ತಿಳಿಸಿದೆ. ಡಿಜಿಲಾಕರ್‌ನಲ್ಲಿಯೂ ನೀವೇ ಸ್ಕ್ಯಾನ್ ಮಾಡಿ ಹಾಕಿದ ಪ್ರತಿಗೂ, ಇಲಾಖೆ ನೀಡಿದ ದಾಖಲೆಗೂ ವ್ಯತ್ಯಾಸವಿದೆ. ಎರಡನೆಯದಕ್ಕೆ ಮಾತ್ರ ಈ ಮಾನ್ಯತೆ.

ಪ್ರಶ್ನೆ: ಬಂಗಾರಪೇಟೆ, ಮಾಲೂರಿನಿಂದ ದಿನವೂ ರೈಲಿನಲ್ಲಿ ಹೋಗುವವರು ಫೋನಿನಲ್ಲೇ ಪಾಸ್ ಪಡೆಯಬಹುದೇ?

ಪಡೆಯಬಹುದು. 2025ರ ಜುಲೈನಲ್ಲಿ ಬಂದ ರೈಲ್‌ಒನ್ ಆಪ್‌ನಲ್ಲಿ ಸಾಮಾನ್ಯ ಟಿಕೆಟ್ಟೂ ಸೀಸನ್ ಪಾಸೂ ಸಿಗುತ್ತವೆ. ತಪಾಸಣೆಯವರಿಗೆ ಆಪ್ ತೆರೆದೇ ತೋರಿಸಬೇಕು, ಸ್ಕ್ರೀನ್‌ಶಾಟ್ ನಡೆಯುವುದಿಲ್ಲ. ಫೋನಿನ ಚಾರ್ಜ್ ಮುಗಿದರೆ ಟಿಕೆಟ್ ಇಲ್ಲದಂತೆಯೇ ಲೆಕ್ಕ.

ಪ್ರಶ್ನೆ: ಈಗ ಫೋನಿನಲ್ಲಿ ಕನ್ನಡದಲ್ಲೇ ಕೇಳಿದರೆ ಕೃತಕ ಬುದ್ಧಿಮತ್ತೆ ಉತ್ತರ ಕೊಡುತ್ತದೆ. ಗಿಡದ ರೋಗದ ಫೋಟೊ ತೋರಿಸಿ ಔಷಧಿ ಕೇಳಬಹುದೇ?

ಕೇಳಬಹುದು, ಆದರೆ ಅದು ಹೇಳಿದ ಔಷಧಿಯನ್ನು ಹಾಗೆಯೇ ಸಿಂಪಡಿಸಬಾರದು. ಓದಲು ಬರೆಯಲು ಕಷ್ಟಪಡುವ ರೈತರು ಮೈಕ್ ಗುರುತು ಒತ್ತಿ ತಮ್ಮ ಮಾತಿನಲ್ಲೇ ಕೇಳಿ, ಉತ್ತರವನ್ನೂ ಕಿವಿಯಿಂದ ಕೇಳುವಂತಾಗಿರುವುದು ನನ್ನ ದೃಷ್ಟಿಯಲ್ಲಿ ಇತ್ತೀಚಿನ ವರ್ಷಗಳ ಬಹುದೊಡ್ಡ ಅನುಕೂಲ. ಇಲಾಖೆಯ ಸುತ್ತೋಲೆಯೊಂದನ್ನು ಸರಳ ಮಾತಿನಲ್ಲಿ ವಿವರಿಸಲು, ಅರ್ಜಿಯೊಂದರ ಕರಡು ಬರೆಸಲು, ಇಂಗ್ಲಿಷಿನಲ್ಲಿ ಬಂದ ಬ್ಯಾಂಕಿನ ಪತ್ರವನ್ನು ಅರ್ಥಮಾಡಿಕೊಳ್ಳಲು ಧಾರಾಳವಾಗಿ ಬಳಸಿ.

ಔಷಧಿಯ ವಿಷಯ ಹಾಗಲ್ಲ. ಟೊಮೆಟೊ ಗಿಡದ ಎಲೆ ಮುದುಡಿದ ಫೋಟೊ ಕಳುಹಿಸಿದರೆ, ಅದು ಬಿಳಿ ನೊಣದಿಂದ ಹರಡುವ ನಂಜುರೋಗವೋ, ಥ್ರಿಪ್ಸ್ ಎಂಬ ಕೀಟದ ಕಾಟವೋ, ನೀರು ಹೆಚ್ಚುಕಡಿಮೆಯಾದದ್ದೋ ಎಂಬುದನ್ನು ಒಂದು ಚಿತ್ರದಿಂದ ತೀರ್ಮಾನಿಸುವುದು ಅನುಭವಸ್ಥರಿಗೂ ಕಷ್ಟ. ನಂಜುರೋಗ ಬಂದ ಗಿಡವನ್ನು ಗುಣಪಡಿಸುವ ಔಷಧಿಯೇ ಇಲ್ಲ. ಕಿತ್ತುಹಾಕಿ, ನೊಣವನ್ನು ಹತೋಟಿಗೆ ತರಬೇಕಷ್ಟೆ. ಈ ತಂತ್ರಾಂಶಗಳು ತಿಳಿಯದ್ದನ್ನೂ ತಿಳಿದಂತೆಯೇ ಹೇಳುತ್ತವೆ, ಲೀಟರಿಗೆ ಎಷ್ಟು ಮಿಲಿ ಎಂಬಲ್ಲಿ ತಪ್ಪಿದರೆ ಬೆಳೆಯೂ ಹೋಗುತ್ತದೆ, ಸಿಂಪಡಿಸುವವರ ಆರೋಗ್ಯವೂ ಕೆಡುತ್ತದೆ. ಉತ್ತರವನ್ನು ಇಟ್ಟುಕೊಂಡು ಕೋಲಾರದ ಟಮಕದಲ್ಲಿರುವ ಕೃಷಿ ವಿಜ್ಞಾನ ಕೇಂದ್ರದವರನ್ನು ಕೇಳಿ, ಇಲ್ಲವೇ 1800 180 1551 ಕಿಸಾನ್ ಕರೆ ಕೇಂದ್ರಕ್ಕೆ ಕನ್ನಡದಲ್ಲೇ ಮಾತನಾಡಿ. ಅದು ಬೆಳಿಗ್ಗೆ 6ರಿಂದ ರಾತ್ರಿ 10ರವರೆಗೆ ಉಚಿತವಾಗಿದೆ. ಆಧಾರ್ ಸಂಖ್ಯೆ, ಪಾಸ್‌ಬುಕ್ ಫೋಟೊ, ಒಟಿಪಿಗಳನ್ನು ಇಂತಹ ಆಪ್‌ಗಳಿಗೆ ಹಾಕಬೇಡಿ.

ಪ್ರಶ್ನೆ: ಸಂತೆಯಲ್ಲಿ ಫೋನ್ ಕಳೆದುಹೋಯಿತು. ಏನು ಮಾಡಬೇಕು, ಯಾವುದು ಮೊದಲು?

ಮೊದಲು ಸಿಮ್ ತಡೆಸಿ, ಯುಪಿಐ ನಿಲ್ಲಿಸಲು ಬ್ಯಾಂಕಿಗೆ ಹೇಳಿ. ಸಣ್ಣ ಪಾವತಿಗಳಿಗೆಂದು ಆಪ್‌ನ ಯುಪಿಐ ಲೈಟ್‌ನಲ್ಲಿ ಹಾಕಿಟ್ಟ ಹಣ ಪಿನ್ ಇಲ್ಲದೆಯೇ ಖರ್ಚಾಗುತ್ತದೆ ಎಂಬುದನ್ನು ನೆನಪಿಡಿ. ನಂತರ ಪೊಲೀಸರಿಗೆ ದೂರು ಕೊಟ್ಟು ಪ್ರತಿ ಪಡೆಯಿರಿ, ಅದೇ ನಂಬರಿನ ಹೊಸ ಸಿಮ್ ತೆಗೆದುಕೊಳ್ಳಿ. ಆ ದೂರಿನ ಪ್ರತಿ, ಫೋನಿನ ಗುರುತಿನ ಸಂಖ್ಯೆಯಾದ ಐಎಂಇಐ ಮತ್ತು ಖರೀದಿ ಬಿಲ್ಲಿನೊಂದಿಗೆ ಸಂಚಾರ್ ಸಾಥಿಯಲ್ಲಿ ಮನವಿ ಸಲ್ಲಿಸಿದರೆ ದೇಶದ ಯಾವ ಜಾಲದಲ್ಲಿಯೂ ಆ ಫೋನ್ ಕೆಲಸ ಮಾಡದಂತೆ ತಡೆಯುತ್ತಾರೆ, ಯಾರಾದರೂ ಸಿಮ್ ಹಾಕಿದರೆ ಪೊಲೀಸರಿಗೆ ಸುಳಿವು ಸಿಗುತ್ತದೆ. ಈ ವ್ಯವಸ್ಥೆ 2023ರ ಮೇ ತಿಂಗಳಿನಿಂದ ದೇಶದಾದ್ಯಂತ ಇದೆ. ಫೋನ್ ಕೈಯಲ್ಲಿರುವಾಗಲೇ *#06# ಒತ್ತಿ ಬರುವ 15 ಅಂಕಿಯ ಐಎಂಇಐ ಸಂಖ್ಯೆಯನ್ನು ಮನೆಯ ಡೈರಿಯಲ್ಲಿ ಬರೆದಿಡಿ.

ಪ್ರಶ್ನೆ: ಹಳೆಯ ಫೋನ್ ಕೊಳ್ಳುವಾಗ ಮತ್ತು ಮಾರುವಾಗ ಏನು ನೋಡಬೇಕು?

ಕೊಳ್ಳುವವರು ಕೆವೈಎಂ ಎಂದು ಇಂಗ್ಲಿಷ್ ಅಕ್ಷರಗಳಲ್ಲಿ ಬರೆದು, ಜಾಗ ಬಿಟ್ಟು, ಐಎಂಇಐ ಸಂಖ್ಯೆ ಹಾಕಿ 14422ಕ್ಕೆ ಸಂದೇಶ ಕಳುಹಿಸಿದರೆ ಫೋನಿನ ಮಾದರಿ ಮತ್ತು ಅದು ತಡೆಹಿಡಿದ ಫೋನೇ ಎಂಬುದು ತಿಳಿಯುತ್ತದೆ. ಬಿಲ್ಲಿಲ್ಲದೆ ಅಗ್ಗಕ್ಕೆ ಸಿಗುವ ಫೋನ್ ಬೇಡ. ಮಾರುವವರು ಫೋಟೊಗಳನ್ನು ಅಳಿಸಿದರೆ ಸಾಲದು. ಪ್ರತಿ ಯುಪಿಐ ಆಪ್‌ನಿಂದ ಬ್ಯಾಂಕ್ ಖಾತೆಯನ್ನು ತೆಗೆದು, ಯುಪಿಐ ಲೈಟ್ ಹಣವನ್ನು ಖಾತೆಗೆ ಹಿಂದಿರುಗಿಸಿ, ಗೂಗಲ್ ಖಾತೆಯಿಂದ ಹೊರಬಂದು, ಆಮೇಲೆ ಫ್ಯಾಕ್ಟರಿ ರೀಸೆಟ್ ಮಾಡಬೇಕು. ಗೂಗಲ್ ಖಾತೆ ತೆಗೆಯದೆ ರೀಸೆಟ್ ಮಾಡಿದರೆ ಫೋನ್ ಹಳೆಯ ಪಾಸ್‌ವರ್ಡ್ ಕೇಳುತ್ತದೆ, ಕೊಂಡವರು ನಿಮ್ಮನ್ನೇ ಹುಡುಕಿಕೊಂಡು ಬರಬೇಕಾಗುತ್ತದೆ. ಸಿಮ್ ಮತ್ತು ಮೆಮೊರಿ ಕಾರ್ಡ್ ತೆಗೆದುಕೊಂಡು, ಮಾರಿದ ದಿನಾಂಕ, ಕೊಂಡವರ ಹೆಸರು ಮತ್ತು ಸಹಿ ಇರುವ ಚೀಟಿಯೊಂದನ್ನು ಪಡೆದುಕೊಳ್ಳಿ.